ಗೆದ್ದೆ ಎನ್ನುವ ಯಂತ್ರವನ್ನು ಪರೀಕ್ಷಿಸಿದ ವರ್ಷಗಳು

ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ಪರೀಕ್ಷೆ ಮಾಡುವುದೇ ನನ್ನ ಉದ್ಯೋಗವಾಗಿತ್ತು. ಹೀಗೆಂದರೆ ನಮ್ಮ ಎಸ್.ಎಸ್. ಬಡಾವಣೆಯ ನೆರೆಹೊರೆಯವರು ಇವತ್ತಿಗೂ, "ಅಂದ್ರೆ ದಿನಾ ಆಫೀಸಿನಾಗ ಕುಂತು ಆಟ ಆಡ್ತಿದ್ರೇನ್ರಿ?" ಎಂದು ಕೇಳುತ್ತಾರೆ. ಆಡುತ್ತಿರಲಿಲ್ಲ. ಆಡುವ ಯಂತ್ರ ಎಲ್ಲಿ ಎಡವುತ್ತದೆ ಎಂದು ಹುಡುಕುತ್ತಿದ್ದೆ. ಅದರಲ್ಲೂ ಆಟದ ಕೊನೆಯ ಭಾಗ, ಹಲಗೆಯ ಮೇಲೆ ನಾಲ್ಕೋ ಐದೋ ಕಾಯಿ ಮಾತ್ರ ಉಳಿದಿರುವ ಹೊತ್ತು, ನನ್ನ ಪಾಲಿಗೆ ಬಂದದ್ದು. ನೋಡಿದವರಿಗೆ ಅದು ಮಕ್ಕಳಾಟದಂತೆ ಕಾಣುತ್ತದೆ. ದೊಡ್ಡ ದೊಡ್ಡ ಯಂತ್ರಗಳು ಮುಗ್ಗರಿಸಿದ್ದನ್ನು ನಾನು ಅಲ್ಲೇ ನೋಡಿದ್ದೇನೆ.

ಈಚೆಗೆ ಈ ಕೆಲಸಕ್ಕೆ ಸೇರಿದ ಇಬ್ಬರು ಮನೆಗೆ ಬಂದು, ಆಗೆಲ್ಲ ಹೇಗೆ ಮಾಡುತ್ತಿದ್ದಿರಿ ಎಂದು ಕೇಳಿದರು. ಬಾಯಲ್ಲಿ ಹೇಳಿದ್ದು ಅರ್ಧಕ್ಕೇ ನಿಂತಿತು. ಅದಕ್ಕೆ ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಹುದ್ದೆ ಬಂತು ಎಂಬುದನ್ನು ಬಿಟ್ಟುಬಿಡುತ್ತೇನೆ. ಅದರಿಂದ ಯಾರೂ ಏನೂ ಕಲಿಯಲಾರರು.

ನಾನು ಹರಿಹರ ತಾಲ್ಲೂಕಿನ ಸಾರಥಿಯವಳು. ಮದುವೆಯಾಗಿ ದಾವಣಗೆರೆಗೆ ಬಂದೆ. ಟೈಪಿಂಗ್ ಪಾಸಾಗಿದ್ದೆ, ಅಷ್ಟೇ. ಎಂ.ಸಿ.ಸಿ. 'ಬಿ' ಬ್ಲಾಕಿನಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಶುರುವಾಗಿತ್ತು. ಟೈಪಿಸ್ಟ್ ಬೇಕೆಂದು ಬೋರ್ಡು ಹಾಕಿದ್ದರು. ಮಾಲೀಕ ಚನ್ನೇಶ್ ಅವರು ವ್ಯಾಪಾರಸ್ಥರ ಮನೆತನದವರು, ಇಂಜಿನಿಯರಿಂಗ್ ಕಾಲೇಜಿನ ಮೇಷ್ಟರ ಕೆಲಸ ಬಿಟ್ಟು ಬಂದವರು.

"ಚೆಸ್ ಗೊತ್ತೇನ್ರಿ?" ಎಂದು ಕೇಳಿದರು.

"ಚೌಕಾಬಾರ ಗೊತ್ತೈತೆ ಸರ್."

ನಕ್ಕರು. "ಗೊತ್ತಿಲ್ದಿದ್ರೆ ಇನ್ನೂ ಚಲೋ. ಇದ್ದದ್ದನ್ನ ಇದ್ದಂಗ ಟೈಪ್ ಮಾಡ್ತೀರಿ."

ಕೆಲಸ ಇಷ್ಟು. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಕೊನೆಯಾಟದ ಚಿತ್ರಗಳಿರುತ್ತಿದ್ದವು. ಯಾವ ಕಾಯಿ ಯಾವ ಮನೆಯಲ್ಲಿದೆ ಎಂಬುದನ್ನು ಒಂದು ಸಾಲಿನಲ್ಲಿ ಅಕ್ಷರ, ಅಂಕಿಗಳಾಗಿ ಟೈಪ್ ಮಾಡಬೇಕು. ಪಕ್ಕದಲ್ಲಿ ಪುಸ್ತಕ ಹೇಳುವ ಉತ್ತರ ಬರೆಯಬೇಕು: ಬಿಳಿ ಗೆಲ್ಲುತ್ತದೆ, ಅಥವಾ ಡ್ರಾ. ಆಮೇಲೆ ನಮ್ಮ ಪ್ರೋಗ್ರಾಮಿಗೆ, ಅದನ್ನು ಇಂಜಿನ್ ಎನ್ನುತ್ತಿದ್ದೆವು, ಅದೇ ಸಾಲನ್ನು ಕೊಟ್ಟು ಸ್ಟಾಪ್‌ವಾಚ್ ಒತ್ತಬೇಕು. ಎರಡು ನಿಮಿಷದಲ್ಲಿ ಅದು ಏನು ಹೇಳಿತು ಎಂದು ನೋಡಿ ಪಾಸು ಅಥವಾ ಫೇಲು ಎಂದು ಬರೆಯಬೇಕು.

ಚೆಸ್ ನನಗೆ ಕಲಿಸಿದವರು ಬಷೀರ್ ಸಾಹೇಬರು. ಹರಿಹರದ ಪೇಟೆಯಲ್ಲಿ ಅವರದು ಗಡಿಯಾರ ರಿಪೇರಿ ಅಂಗಡಿ. ಹಿಂದೆಲ್ಲ ಅಂಚೆಯ ಮೂಲಕ ಚೆಸ್ ಆಡುವವರಿದ್ದರಲ್ಲ, ಕಾರ್ಡಿನಲ್ಲಿ ಒಂದು ನಡೆ ಬರೆದು ಹಾಕಿ ಉತ್ತರಕ್ಕೆ ವಾರಗಟ್ಟಲೆ ಕಾಯುವವರು, ಅಂಥ ಆಟಗಾರರು ಅವರು. ಸಾಹೇಬರನ್ನು ಚನ್ನೇಶ್ ಸಲಹೆಗಾರರಾಗಿ ಕರೆಸಿದ್ದರು. ವಾರಕ್ಕೆ ಎರಡು ದಿನ ಹರಿಹರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಗಡಿಯಾರದ ಸ್ಕ್ರೂ ತಿರುಗಿಸುವ ಬೆರಳುಗಳಲ್ಲೇ ಕಾಯಿ ಎತ್ತಿಡುತ್ತಿದ್ದರು. ಹಲಗೆಯ ಮೇಲೆ ಕಾಯಿ ಇಟ್ಟ ಸದ್ದು ಒಂದು ದಿನವೂ ಕೇಳಲಿಲ್ಲ.

ನನ್ನ ಮೊದಲ ದೊಡ್ಡ ತಪ್ಪು ಸೇರಿದ ಎರಡನೆಯ ತಿಂಗಳಲ್ಲೇ ಆಯಿತು. ಹಲಗೆಯಲ್ಲಿ ಮೂರೇ ಕಾಯಿ. ಬಿಳಿಯ ರಾಜ, ಅವನ ಬೆನ್ನಿಗೇ ಅಂಟಿಕೊಂಡಂತೆ ಒಂದು ಕಾಲಾಳು, ಎದುರಿಗೆ ಒಂದು ಮನೆ ಬಿಟ್ಟು ಕಪ್ಪು ರಾಜ. ಪುಸ್ತಕ ಬಿಳಿ ಗೆಲ್ಲುತ್ತದೆ ಎಂದಿತ್ತು, ಇಂಜಿನ್ ಡ್ರಾ ಎಂದಿತು. ನಾನು ಕೆಂಪು ಶಾಯಿಯಲ್ಲಿ ಫೇಲು ಎಂದು ಬರೆದೆ. ಪ್ರೋಗ್ರಾಮು ಬರೆಯುತ್ತಿದ್ದವನು ಪ್ರಕಾಶ, ಆಗಷ್ಟೇ ಓದು ಮುಗಿಸಿ ಬಂದಿದ್ದ ಇಂಜಿನಿಯರು. ಇಷ್ಟು ಸರಳವಾದದ್ದನ್ನೂ ಇಂಜಿನ್ ತಪ್ಪು ಮಾಡಿದರೆ ಇನ್ನೇನು ಗತಿ ಎಂದು ಚನ್ನೇಶ್ ಎಲ್ಲರ ಎದುರಿಗೇ ಅವನನ್ನು ಬೈದರು. ಅವನು ಮೂರು ದಿನ ಊಟ ತಿಂಡಿ ಮರೆತು ಪ್ರೋಗ್ರಾಮನ್ನು ತಲೆಕೆಳಗು ಮಾಡಿ ಹುಡುಕಿದ. ಏನೂ ಸಿಗಲಿಲ್ಲ.

ನಾಲ್ಕನೆಯ ದಿನ ಬಷೀರ್ ಸಾಹೇಬರು ಬಂದರು. ಹಲಗೆ ನೋಡಿ ಒಂದೇ ಮಾತು ಕೇಳಿದರು. "ಸರದಿ ಯಾರ್ದು?"

ನಾನು ಪುಸ್ತಕ ತೆಗೆದೆ. ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ, ಕಪ್ಪಿನ ಸರದಿ ಎಂದಿತ್ತು. ನಾನು ಬಿಳಿಯ ಸರದಿ ಎಂದು ಟೈಪ್ ಮಾಡಿದ್ದೆ. ಸರದಿ ತಿಳಿಸುವುದು ಇಡೀ ಸಾಲಿನಲ್ಲಿ ಒಂದೇ ಒಂದು ಅಕ್ಷರ. ಕಪ್ಪು ಮೊದಲು ನಡೆಯಬೇಕಾಗಿದ್ದರೆ ಕಪ್ಪು ರಾಜ ದಾರಿ ಬಿಡಲೇಬೇಕು, ಬಿಳಿ ಗೆಲ್ಲುತ್ತದೆ. ಬಿಳಿ ಮೊದಲು ನಡೆಯಬೇಕಾಗಿದ್ದರೆ ಡ್ರಾ. ಇಂಜಿನ್ ಸರಿಯಾಗಿಯೇ ಹೇಳಿತ್ತು.

ಚನ್ನೇಶ್ ಅವರ ಕೋಣೆಗೆ ಹೋಗಿ, ಪ್ರಕಾಶನನ್ನೂ ಅಲ್ಲಿಗೇ ಕರೆದು, ತಪ್ಪು ನನ್ನದು ಎಂದೆ. ಪ್ರಕಾಶ ಕುರ್ಚಿಯಲ್ಲಿ ಕುಸಿದು ಕೂತ. "ಮೂರು ದಿನ ನನ್ನ ಜೀವ ತಿಂದ್ರಲ್ರಿ ಮೇಡಂ" ಎಂದ. ಮತ್ತೆ ತಾನೇ ನಕ್ಕುಬಿಟ್ಟ. ಆ ನಗುವಿಗೆ ನಾನು ಇವತ್ತಿಗೂ ಋಣಿ. ಮನೆಗೆ ಬಂದು ಯಜಮಾನರಿಗೆ, ಕೆಲಸ ಬಿಡುತ್ತೇನೆ ಎಂದೆ. "ಬಿಡೋದಾದ್ರೆ ಆಟ ಕಲಿತು ಬಿಡು" ಎಂದರು ಅವರು. ಮರುವಾರದಿಂದ ಬಷೀರ್ ಸಾಹೇಬರ ಎದುರು ಹಲಗೆ ಹಾಕಿಕೊಂಡು ಕೂತೆ. ಟೈಪ್ ಮಾಡುವ ಪ್ರತಿಯೊಂದನ್ನೂ ಮೊದಲು ಹಲಗೆಯ ಮೇಲೆ ಇಟ್ಟು, ಎರಡೂ ಕಡೆಯಿಂದ ಆಡಿ, ಆಮೇಲೆ ಟೈಪ್ ಮಾಡುವುದು ನನ್ನ ಅಭ್ಯಾಸವಾಯಿತು. ಎರಡು ವರ್ಷದಲ್ಲಿ ಕೊನೆಯಾಟದ ಮಟ್ಟಿಗೆ ಆಫೀಸಿನಲ್ಲಿ ಸಾಹೇಬರನ್ನು ಬಿಟ್ಟರೆ ನಾನೇ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ.

ಒಂಟೆಯ ವಿಷಯ ಹೇಳುತ್ತೇನೆ. ಒಂಟೆ ಆಟ ಮುಗಿಯುವತನಕ ಒಂದೇ ಬಣ್ಣದ ಮನೆಗಳಲ್ಲಿ ಓರೆಯಾಗಿ ಓಡಾಡುವ ಕಾಯಿ. ಬಿಳಿಗೆ ಒಂದು ಒಂಟೆ, ಹಲಗೆಯ ಅಂಚಿನ ಸಾಲಿನಲ್ಲಿ ಒಂದು ಕಾಲಾಳು ಇದೆ ಎನ್ನಿ. ಕಪ್ಪಿಗೆ ರಾಜ ಬಿಟ್ಟರೆ ಏನೂ ಇಲ್ಲ. ಕಾಲಾಳು ತುದಿ ಮುಟ್ಟಿ ರಾಣಿಯಾದರೆ ಬಿಳಿ ಗೆದ್ದಂತೆ. ಆದರೆ ತುದಿಯ ಮೂಲೆ ಕಪ್ಪು ಬಣ್ಣದ್ದಾಗಿದ್ದು, ಒಂಟೆ ಬಿಳಿ ಮನೆಗಳದ್ದಾಗಿದ್ದರೆ, ಕಪ್ಪು ರಾಜ ಆ ಮೂಲೆಯಲ್ಲಿ ಹೋಗಿ ಕೂತುಬಿಡುತ್ತಾನೆ. ಅವನನ್ನು ಅಲ್ಲಿಂದ ಎಬ್ಬಿಸಲು ಯಾರಿಂದಲೂ ಆಗುವುದಿಲ್ಲ, ಆಟ ಡ್ರಾ. ನಮ್ಮ ಇಂಜಿನ್ ಕಾಯಿಗಳನ್ನು ಎಣಿಸಿ, ಗೆದ್ದೆ ಗೆದ್ದೆ ಎನ್ನುತ್ತಿತ್ತು.

ಫೇಲು ಎಂದು ಬರೆದೆ. ಪ್ರಕಾಶ ಒಂದು ಗಂಟೆಯಲ್ಲಿ ತಿದ್ದಿದ. ಪಾಸಾಯಿತು. ನನಗೆ ಸಮಾಧಾನವಾಗಲಿಲ್ಲ. ಅದೇ ಹಲಗೆಯಲ್ಲಿ ಕಪ್ಪು ರಾಜನನ್ನು ಎತ್ತಿ ಆ ಕಡೆಯ ಅಂಚಿಗೆ, ಮೂಲೆಗೆ ಓಡಿಬರಲಾರದಷ್ಟು ದೂರ ಇಟ್ಟೆ. ಈಗ ಬಿಳಿ ಕಣ್ಣು ಮುಚ್ಚಿಕೊಂಡು ಗೆಲ್ಲಬೇಕು. ಇಂಜಿನ್ ಡ್ರಾ ಎಂದಿತು. ಪ್ರಕಾಶ ಬರೆದ ನಿಯಮ ಒಂಟೆಯ ಬಣ್ಣವನ್ನು ನೋಡುತ್ತಿತ್ತು, ರಾಜ ಎಲ್ಲಿದ್ದಾನೆಂದು ನೋಡುತ್ತಿರಲಿಲ್ಲ.

ಅವತ್ತಿನಿಂದ ನಾನು ಯಾವ ಪ್ರಶ್ನೆಯನ್ನೂ ಒಂಟಿಯಾಗಿ ಕಳಿಸಲಿಲ್ಲ. ಪ್ರತಿಯೊಂದಕ್ಕೂ ಒಂದು ಜೋಡಿ. ಒಂದು ಕಾಯಿಯೋ ಒಂದು ಗುಂಪೋ ಜಾಗ ಬದಲಿಸಿರುತ್ತದೆ, ಉತ್ತರ ತಿರುವುಮುರುವು ಆಗಿರುತ್ತದೆ. ಎರಡಕ್ಕೂ ಸರಿ ಹೇಳಿದರೆ ಮಾತ್ರ ಪಾಸು. ಇಂಜಿನ್ನಿಗೆ ವಿಷಯ ಅರ್ಥವಾಗಿದೆಯೋ, ಬರೀ ಉತ್ತರ ಬಾಯಿಪಾಠವಾಗಿದೆಯೋ ಎಂಬುದು ಜೋಡಿಯಲ್ಲಿ ಗೊತ್ತಾಗುತ್ತಿತ್ತು. ಪ್ರಕಾಶ ಇದಕ್ಕೆ 'ಗಿರಿಜಮ್ಮನ ಜೋಡಿ' ಎಂದು ಹೆಸರಿಟ್ಟ. ಮೊದಲು ಗೇಲಿಗೆ ಇಟ್ಟದ್ದು. ಆಮೇಲೆ ಕಂಪನಿಯ ಕಾಗದಪತ್ರಗಳಲ್ಲೂ ಅದೇ ಹೆಸರು ನಿಂತಿತು. ಹೊಸಬರಿಗೆ ನಾನು ಕೊಡಬಹುದಾದದ್ದು ಏನಾದರೂ ಇದ್ದರೆ ಇದೊಂದೇ.

ಪ್ರಕಾಶನಿಗೆ ವೇಗದ ಹುಚ್ಚು. ಒಮ್ಮೆ ಇಂಜಿನ್ ಇದ್ದಕ್ಕಿದ್ದಂತೆ ಚುರುಕಾಯಿತು. ಎಲ್ಲರೂ ಖುಷಿಪಟ್ಟರು. ನಾನು ನನ್ನ ಹಳೆಯ ಪಟ್ಟಿಯನ್ನೆಲ್ಲ ಮತ್ತೆ ಓಡಿಸಿದೆ. ಒಂದು ಕಡೆ ತಪ್ಪಿತು. ಬಿಳಿಯ ಕಾಲಾಳು ತುದಿ ಮುಟ್ಟುವುದರಲ್ಲಿದೆ. ಅದನ್ನು ರಾಣಿ ಮಾಡಿಕೊಂಡರೆ ಕಪ್ಪಿನ ಆನೆ ಬಂದು ತನ್ನನ್ನು ತಾನೇ ಬಲಿಕೊಟ್ಟು, ಕಪ್ಪು ರಾಜನಿಗೆ ನಡೆಯಲು ಮನೆಯೇ ಇಲ್ಲದಂತೆ ಮಾಡಿ ಡ್ರಾ ಮಾಡಿಕೊಳ್ಳುತ್ತದೆ. ರಾಣಿ ಬೇಡ, ಆನೆಯಾಗಲಿ ಎಂದರೆ ಬಿಳಿಗೆ ಗೆಲುವು. ನಿನ್ನೆಯವರೆಗೂ ಸರಿ ಹೇಳುತ್ತಿದ್ದ ಇಂಜಿನ್ ಅವತ್ತು ಡ್ರಾ ಎಂದಿತು.

"ಪ್ರಕಾಶ, ಏನೋ ತೆಗೆದೀಯಪ್ಪ ನೀನು" ಎಂದೆ.

ತಲೆ ಕೆರೆದುಕೊಂಡ. "ಕಾಲಾಳು ಆನೆ ಆಗೋದು, ಕುದುರೆ ಆಗೋದು ಲೆಕ್ಕ ಹಾಕೋದು ಬಿಡಿಸೀನಿ ಮೇಡಂ. ರಾಣಿ ಆಗೋದು ಬಿಟ್ಟು ಆನೆ ಆಗ್ತೀನಿ ಅನ್ನೋರು ಎಲ್ಲದಾರ?"

"ಇಲ್ಲೊಬ್ಬ ಅದಾನಲ್ಲ, ನೋಡು" ಎಂದು ಹಲಗೆ ತೋರಿಸಿದೆ. ಸಂಜೆಯ ಹೊತ್ತಿಗೆ ಮತ್ತೆ ಸೇರಿಸಿದ.

ಈಗ ಕೋಟೆಯ ಪ್ರಸಂಗ. ನನ್ನ ನೌಕರಿಯೇ ಹೋಗುತ್ತಿದ್ದ ಪ್ರಸಂಗ ಇದು.

ಹೊರದೇಶದ ಒಂದು ಕಂಪನಿ ಚೆಸ್ ಕಲಿಸುವ ಯಂತ್ರ ಮಾಡುತ್ತಿತ್ತು, ಅದರೊಳಗೆ ನಮ್ಮ ಇಂಜಿನ್ ಹಾಕಿಕೊಳ್ಳಲು ಒಪ್ಪಿತ್ತು. ನಮ್ಮಂಥ ಸಣ್ಣ ಆಫೀಸಿಗೆ ಅದು ಅಳಿವು ಉಳಿವಿನ ಮಾತು. ಪರೀಕ್ಷಾ ವರದಿಗೆ ನಾನು ಸಹಿ ಹಾಕಿ ಕಳಿಸಬೇಕು. ಎಲ್ಲ ಮುಗಿದಿತ್ತು, ಒಂದು ಜೋಡಿ ಬಿಟ್ಟು. ಬಿಳಿಗೆ ರಾಣಿ. ಕಪ್ಪಿಗೆ ಒಂದು ಆನೆ, ಒಂದು ಕಾಲಾಳು. ಕಾಲಾಳು ಇನ್ನೂ ತನ್ನ ಹುಟ್ಟಿದ ಮನೆಯಲ್ಲೇ ಇದೆ, ಅದರ ಕಾವಲಿನಲ್ಲಿ ಆನೆ, ಹಿಂದೆ ರಾಜ. ಆನೆ ಎರಡು ಮನೆಗಳ ನಡುವೆ ಆಚೆ ಈಚೆ ಓಡಾಡಿಕೊಂಡಿದ್ದರೆ ಸಾಕು, ಬಿಳಿ ರಾಜನಿಗೆ ಒಳಗೆ ಬರಲು ದಾರಿಯೇ ಇಲ್ಲ. ಇದನ್ನೇ ಕೋಟೆ ಎನ್ನುವುದು. ಇಡೀ ಕೋಟೆಯನ್ನು ಒಂದು ಮನೆ ಮುಂದಕ್ಕೆ ಸರಿಸಿದರೆ ಹಿಂಬದಿಯಲ್ಲಿ ಜಾಗ ಸಿಕ್ಕಿ ರಾಣಿ ಒಳಗೆ ನುಗ್ಗುತ್ತಾಳೆ, ಗೆಲ್ಲುತ್ತಾಳೆ. ನಮ್ಮ ಇಂಜಿನ್ ಎರಡಕ್ಕೂ ಗೆದ್ದೆ ಎಂದೇ ಹೇಳುತ್ತಿತ್ತು.

ನಾನು ಸಹಿ ಹಾಕಲಿಲ್ಲ.

ಚನ್ನೇಶ್ ನನ್ನ ಮೇಜಿನ ಹತ್ತಿರ ಬಂದು ನಿಂತರು. "ಗಿರಿಜಮ್ಮ, ಇದನ್ನ ಯಾರು ಕೇಳ್ತಾರ್ರಿ? ಸಾವಿರ ಆಟದಾಗ ಒಂದ್ಸಲ ಬರ್ತೈತೋ ಇಲ್ಲೋ."

"ಕಲಿಯೋರು ಇದನ್ನ ನಂಬ್ತಾರೆ ಸರ್. ಗೆಲ್ಲಾಕ ಆಗ್ದೇ ಇರೋದನ್ನ ಗೆಲ್ತೀರಿ ಅಂತ ಹೇಳಿಕೊಟ್ಟಂಗ ಆಗ್ತೈತೆ."

"ನಿಮ್ಮನ್ನ ಟೈಪ್ ಮಾಡಾಕ ತಗಂಡಿದ್ದು ನಾನು. ನೆನಪೈತಾ?"

ಕೆಳಗಿನ ಕ್ಲಿನಿಕ್ಕಿನಲ್ಲಿ ಹಲ್ಲು ಕೊರೆಯುತ್ತಿದ್ದರು. ಎಲ್ಲರೂ ತಮ್ಮ ತಮ್ಮ ಪರದೆ ನೋಡುತ್ತಾ ಕೂತರು. ನನಗೆ ಅಳು ಬಂತು, ಅಳಲಿಲ್ಲ. "ನೆನಪೈತೆ ಸರ್. ಇದ್ದದ್ದನ್ನ ಇದ್ದಂಗ ಟೈಪ್ ಮಾಡ್ರಿ ಅಂದಿದ್ರಿ. ಹಂಗೇ ಮಾಡೀನಿ" ಎಂದೆ. ಅವರು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಾರನೆಯ ದಿನ ಬಷೀರ್ ಸಾಹೇಬರು ಬರುವ ದಿನವಲ್ಲದಿದ್ದರೂ ಬಂದರು. ಪ್ರಕಾಶ ಫೋನ್ ಮಾಡಿದ್ದನಂತೆ. ನೇರ ಚನ್ನೇಶರ ಕೋಣೆಗೆ ಹೋಗಿ ಹಲಗೆ ಬಿಡಿಸಿದರು. ನನ್ನನ್ನೂ ಕರೆದರು.

"ನಾನು ಕಪ್ಪು ತಗಂತೀನಿ. ನಿಮ್ಮ ಮಿಷನ್ ಗೆಲ್ತೀನಿ ಅಂತೈತೆ, ಗೆಲ್ಲಲಿ. ಅದು ಹೇಳಿದ ನಡೆ ನೀವೇ ಇಡ್ರಿ ಸರ್, ಬೇರೆಯವರು ಬ್ಯಾಡ" ಎಂದರು.

ಚನ್ನೇಶ್ ಒಲ್ಲದ ಮನಸ್ಸಿನಿಂದ ಕೂತರು. ಕಂಪ್ಯೂಟರ್ ನೋಡುವುದು, ರಾಣಿ ಸರಿಸುವುದು. ಸಾಹೇಬರು ಆನೆಯನ್ನು ಆಚೆ ಇಟ್ಟರು. ಮತ್ತೆ ರಾಣಿ. ಆನೆ ಈಚೆ ಬಂತು. ಹತ್ತು ನಡೆ, ಇಪ್ಪತ್ತು ನಡೆ. ಪರದೆಯ ಮೇಲೆ, ಗೆಲುವು ಹತ್ತಿರದಲ್ಲಿದೆ ಎಂಬ ಅಂಕಿ ಹಾಗೇ ನಿಂತಿತ್ತು. ಚನ್ನೇಶ್ ಜಾಣರು, ಮೂವತ್ತು ನಡೆಯ ಹೊತ್ತಿಗೆ ಕಂಪ್ಯೂಟರ್ ಬಿಟ್ಟು ಹಲಗೆಯನ್ನೇ ನೋಡತೊಡಗಿದರು. ತಾವೇ ಯೋಚಿಸಿ ನಾಲ್ಕಾರು ನಡೆ ಆಡಿದರು. ಆನೆ ಆಚೆ, ಆನೆ ಈಚೆ. ಕೊನೆಗೆ ರಾಣಿಯನ್ನು ಮಲಗಿಸಿ ಎದ್ದರು.

"ಏನು ಮಾಡಿದ್ರೂ ಒಳಗ ಬಿಡವಲ್ರಲ್ಲ" ಎಂದರು.

"ಸತ್ಯ ಹೇಳಿದ್ದು ಗಿರಿಜಮ್ಮಾರು. ನಾ ಬರೇ ಆನೆ ಸರಿಸಿದೆ" ಎಂದರು ಸಾಹೇಬರು.

ಚನ್ನೇಶ್ ಆ ಕಂಪನಿಗೆ ಬರೆದು ಎರಡು ವಾರದ ಸಮಯ ಕೇಳಿದರು. ಎಷ್ಟು ಹೊತ್ತಾದರೂ ಹಲಗೆಯಲ್ಲಿ ಏನೂ ಬದಲಾಗದಿದ್ದರೆ ಗೆಲುವಿನ ಅಂಕಿಯನ್ನು ಕಡಿಮೆ ಮಾಡುತ್ತಾ ಬರುವಂತೆ ಪ್ರಕಾಶ ತಿದ್ದಿದ. ಜೋಡಿ ಪಾಸಾಯಿತು, ನಾನು ಸಹಿ ಹಾಕಿದೆ. ತಿಂಗಳ ನಂತರ ಆ ಕಂಪನಿಯಿಂದ ಪತ್ರ ಬಂತು. ಅವರ ಸ್ವಂತ ಪರೀಕ್ಷೆಯಲ್ಲೂ ಇದೇ ಥರದ ಕೋಟೆ ಇತ್ತಂತೆ, ಬೇರೆಯವರ ಇಂಜಿನ್ನುಗಳನ್ನು ಅವರು ಅದರಲ್ಲೇ ತಿರಸ್ಕರಿಸಿದ್ದರಂತೆ. ಚನ್ನೇಶ್ ಪತ್ರವನ್ನು ನನ್ನ ಮೇಜಿನ ಮೇಲಿಟ್ಟು, "ಅವತ್ತು ನಾನು ಹಂಗ ಅನ್ನಬಾರದಿತ್ತು ಗಿರಿಜಮ್ಮ" ಎಂದರು. ಮಾಲೀಕನಾದವನು ಹಾಗೆ ಹೇಳುವುದು ಸುಲಭವಲ್ಲ. ಆಮೇಲೆ ಅವರ ಮೇಲೆ ನನಗೆ ಮನಸ್ಸಿನಲ್ಲಿ ಏನೂ ಉಳಿಯಲಿಲ್ಲ.

ವರ್ಷಗಳು ಹೋದಂತೆ ಕೆಲಸದ ರೀತಿಯೇ ಬದಲಾಯಿತು. ಸ್ಟಾಪ್‌ವಾಚ್ ಹೋಯಿತು. ನಾನು ವಾರಪೂರ್ತಿ ಮಾಡುತ್ತಿದ್ದುದನ್ನು ಕಂಪ್ಯೂಟರ್ ಚಹಾ ಕುಡಿದು ಬರುವಷ್ಟರಲ್ಲಿ ಮುಗಿಸುತ್ತಿತ್ತು. ಆಮೇಲೆ ತಾನೇ ಆಡಿ ತಾನೇ ಕಲಿಯುವ ಇಂಜಿನ್ನುಗಳು ಬಂದವು. ಹಿಂದೆ ತಪ್ಪು ಸಿಕ್ಕರೆ ಪ್ರಕಾಶ ಬೆರಳಿಟ್ಟು, ಈ ಸಾಲಿನಲ್ಲಿದೆ ಎನ್ನುತ್ತಿದ್ದ. ಈಗ ಅವನೂ, "ಯಾಕ ಹಿಂಗಂತೈತೋ ನನಗೂ ಗೊತ್ತಿಲ್ಲ ಮೇಡಂ" ಎನ್ನತೊಡಗಿದ. ಆಗಲೂ ಜೋಡಿ ಕೆಲಸಕ್ಕೆ ಬಂತು. ಒಳಗೆ ಏನಿದೆ ಎಂದು ಕಾಣದ ಯಂತ್ರವನ್ನು ಹೊರಗಿನಿಂದ ಕೇಳಿಯೇ ತಿಳಿಯಬೇಕಲ್ಲ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಎಂದರೆ ಕೋಷ್ಟಕಗಳು. ಹಲಗೆಯಲ್ಲಿ ಕೆಲವೇ ಕಾಯಿ ಇದ್ದಾಗ ಆಗಬಹುದಾದ ಪ್ರತಿಯೊಂದು ಸ್ಥಿತಿಗೂ ಸರಿಯಾದ ಉತ್ತರವನ್ನು ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ತುಂಬಿಟ್ಟಿರುವ ಭಂಡಾರ ಅದು. ಅದರಲ್ಲಿ ಅಭಿಪ್ರಾಯವಿಲ್ಲ, ಅಂದಾಜಿಲ್ಲ. ಬೇರೆ ಕಡೆ ಅದು ಬಂದು ಎಷ್ಟೋ ಕಾಲವಾಗಿತ್ತು, ನಮ್ಮ ಆಫೀಸಿಗೆ ಬರುವ ಹೊತ್ತಿಗೆ ನನ್ನ ನಿವೃತ್ತಿಗೆ ಒಂದು ವರ್ಷವಿತ್ತು. ಪ್ರಕಾಶ ಕೇಳಿದ: "ನಮ್ಮ ಹಳೇ ಪಟ್ಟಿನೆಲ್ಲಾ ಇದರ ಜೊತೆ ಹೋಲಿಸಿ ನೋಡೋಣೇನ್ರಿ ಮೇಡಂ?"

ನಾನೂ ಸಾಹೇಬರೂ ಇಷ್ಟು ವರ್ಷ ಯಂತ್ರಕ್ಕೆ ಪರೀಕ್ಷೆ ಇಟ್ಟಿದ್ದೆವು. ಈಗ ಪರೀಕ್ಷೆ ನಮ್ಮದು. ನೋಡೋಣ ಎಂದೆ.

ನೂರಾರು ಉತ್ತರಗಳಲ್ಲಿ ಹನ್ನೊಂದೇ ತಪ್ಪಿದ್ದವು. ಪ್ರಕಾಶ ಕೈ ಕುಲುಕಿದ. ಚಹಾ ಜೊತೆಗೆ ಮಿರ್ಚಿ ಬಜ್ಜಿ ತರಿಸಿದರು. ನಾನು ಒಂದನ್ನೂ ಮುಟ್ಟಲಿಲ್ಲ, ಯಾಕೆಂದರೆ ಹನ್ನೊಂದರಲ್ಲಿ ಒಂದು, ಎರಡು ಒಂಟೆಗಳ ವಿರುದ್ಧ ಒಂದು ಕುದುರೆ ನಿಲ್ಲುವ ಆಟ. ಕುದುರೆ ಮೂಲೆಯ ಹತ್ತಿರದ ಮನೆಯಲ್ಲಿ ರಾಜನಿಗೆ ಅಂಟಿಕೊಂಡು ಕೂತರೆ ಅದು ಒಡೆಯಲಾಗದ ಕೋಟೆ, ಡ್ರಾ ಎಂದು ಹಳೆಯ ಪುಸ್ತಕ ಹೇಳಿತ್ತು. ಸಾಹೇಬರೂ ಹಾಗೇ ಕಲಿಸಿದ್ದರು. ನಮ್ಮ ಇಂಜಿನ್ ಮಾತ್ರ ಮೊದಲಿನಿಂದಲೂ, ಬಿಳಿ ಗೆಲ್ಲುತ್ತದೆ ಎನ್ನುತ್ತಿತ್ತು. ನಾನು ಫೇಲು ಎಂದು ಬರೆದು, ಹಟ ಹಿಡಿದು ಪ್ರಕಾಶನ ಕೈಯಲ್ಲಿ ಅದನ್ನು ಡ್ರಾ ಎಂದು ತಿದ್ದಿಸಿದ್ದೆ. ಕೋಷ್ಟಕ ಈಗ ಬಿಳಿ ಗೆಲ್ಲುತ್ತದೆ ಎಂದು, ಒಂದೊಂದು ನಡೆಯನ್ನೂ ಬಿಡಿಸಿ ತೋರಿಸಿತು. ಸರಿ ಹೇಳುತ್ತಿದ್ದ ಯಂತ್ರದ ಬಾಯಿಗೆ ನಾನು ಸುಳ್ಳು ತುರುಕಿದ್ದೆ.

ವರದಿಯಲ್ಲಿ ಇದನ್ನು ಇದ್ದ ಹಾಗೆ ಬರೆದು, ಯಾರ ತಪ್ಪು ಎಂಬಲ್ಲಿ ನನ್ನ ಹೆಸರು ಹಾಕಿದೆ. ಚನ್ನೇಶ್ ಓದಿ, "ಇಷ್ಟೆಲ್ಲಾ ಬೇಕಾಗಿತ್ತೇನ್ರಿ? ಸುಮ್ನೆ ತಿದ್ದಿದ್ರೆ ಆಗ್ತಿತ್ತಲ್ಲ" ಎಂದರು. ಪ್ರಕಾಶನ ತಪ್ಪುಗಳನ್ನೆಲ್ಲ ಹೆಸರು ಹಾಕಿ ಬರೆದವಳು ನನ್ನದನ್ನು ಹೇಗೆ ಮುಚ್ಚಿಡಲಿ?

ಭಾನುವಾರ ಕೋಷ್ಟಕದ ನಡೆಗಳನ್ನು ಅಚ್ಚು ಹಾಕಿಸಿಕೊಂಡು ಹರಿಹರಕ್ಕೆ ಹೋದೆ. ಸಾಹೇಬರು ಅಂಗಡಿಯನ್ನು ಅಳಿಯನಿಗೆ ಒಪ್ಪಿಸಿ ಮನೆಯಲ್ಲೇ ಇರುತ್ತಿದ್ದರು. ಕಣ್ಣು ಮಂಜಾಗಿತ್ತು. "ಬರ್ರಿ, ಕೂಡ್ರಿ" ಎಂದು ಹಲಗೆ ತರಿಸಿದರು. ವಿಷಯ ಹೇಳಿದೆ.

ಸಾಹೇಬರು ಹಲಗೆಯನ್ನು ಹತ್ತಿರ ಎಳೆದುಕೊಂಡರು. "ಆ ಕುದುರೆ ಡ್ರಾ ಅಲ್ಲಾ?" ಎಂದರು. "ಓದ್ರಿ. ನಾ ಇಡ್ತೀನಿ."

ನಾನು ಓದಿದೆ, ಅವರು ಇಟ್ಟರು. ಒಂಟೆಗಳು ಎಲ್ಲೆಲ್ಲೋ ಸುತ್ತಾಡಿದವು. ಅರ್ಥವಿಲ್ಲದ ಓಡಾಟದಂತೆ ಕಾಣುತ್ತಿತ್ತು. ಆದರೆ ನಡೆ ಕಳೆದಂತೆ ಕಪ್ಪು ರಾಜನ ಮನೆಗಳು ಒಂದೊಂದಾಗಿ ಕಡಿಮೆಯಾದವು. ಕೊನೆಗೆ ಕುದುರೆ ಮೂಲೆ ಬಿಟ್ಟು ಬಯಲಿಗೆ ಬರಲೇಬೇಕಾಯಿತು. ಮುಗಿಯುವ ಹೊತ್ತಿಗೆ ನಲವತ್ತಕ್ಕೂ ಹೆಚ್ಚು ನಡೆಯಾಗಿತ್ತು. ಸಾಹೇಬರು ಹಣೆ ಒತ್ತಿಕೊಂಡರು.

"ಎಷ್ಟು ಮಂದಿಗೆ ಡ್ರಾ ಅಂತ ಹೇಳಿಕೊಟ್ಟೆನಲ್ರೀ ನಾನು. ನಿಮಗೂ ಹೇಳಿಕೊಟ್ಟೆ. ತಪ್ಪು ನಂದು ಅಂತ ಬರೀರಿ."

"ನೀವು ಹೇಳಿದ್ರಿ, ನಾನು ಇನ್ನೊಂದ್ಸಲ ನೋಡ್ಲಿಲ್ಲ ಸಾಹೇಬ್ರೆ. ತಪ್ಪು ನಂದು."

ಅವರು ವಾದ ಮಾಡಲಿಲ್ಲ. ಕಾಯಿಗಳನ್ನು ಮತ್ತೆ ಮೊದಲಿನ ಮನೆಗಳಲ್ಲಿ ಜೋಡಿಸತೊಡಗಿದರು. "ಆ ಹಾಳೆ ಒಳಗಿಡ್ರಿ. ಈಗ ಬಿಳಿ ನಂದು, ಕುದುರೆ ನಿಮ್ದು. ಹಾಳೆ ಇಲ್ದೇ ಆಡೋಣ."

ಹದಿನೆಂಟನೆಯ ನಡೆಗೆ ದಾರಿ ತಪ್ಪಿದರು. ಕುದುರೆ ಆರಾಮಾಗಿ ಇನ್ನೊಂದು ಮೂಲೆಗೆ ಹೋಗಿ ಕೂತಿತು. "ಚಹಾ ಕುಡೀರಿ" ಎಂದು ಹೇಳಿ ಮತ್ತೆ ಜೋಡಿಸಿದರು. ಮತ್ತೆ ತಪ್ಪಿದರು. ಸಂಜೆಯ ಬಸ್ಸಿಗೆ ನಾನು ಹೊರಟಾಗ ಹಾಳೆಯನ್ನು ಇಸಿದುಕೊಂಡರು.

ಆ ವಾರ ಮೂರು ಸಲ ಫೋನ್ ಮಾಡಿದರು. ಒಮ್ಮೆ, "ಹದಿನೆಂಟನೇ ನಡೆ ಯಾಕ ಹಂಗೈತೆ ಅಂತ ಗೊತ್ತಾತು" ಎಂದರು. ಮುಂದಿನ ಭಾನುವಾರ ಹೋದೆ. ಮನೆಯವರನ್ನೆಲ್ಲ ಸುಮ್ಮನಿರಿಸಿ ಹಲಗೆಯ ಮುಂದೆ ಕೂತಿದ್ದರು. ನಾನು ನನಗೆ ಗೊತ್ತಿದ್ದ ಉಪಾಯವನ್ನೆಲ್ಲ ಹಾಕಿ ಕುದುರೆಯನ್ನು ಕಾಪಾಡಿದೆ. ಕನಿಕರಕ್ಕೆ ಒಂದು ನಡೆಯನ್ನೂ ಬಿಟ್ಟುಕೊಡಲಿಲ್ಲ. ಹಾಳೆ ಎಲ್ಲಿತ್ತೋ, ಅವರು ಅದರತ್ತ ತಿರುಗಿಯೂ ನೋಡಲಿಲ್ಲ. ಎರಡು ಗಂಟೆ ಕಳೆದ ಮೇಲೆ ನನ್ನ ಕುದುರೆಗೆ ಓಡಲು ಮನೆ ಉಳಿಯಲಿಲ್ಲ. ಅದನ್ನು ಮೆಲ್ಲಗೆ ಎತ್ತಿ ಹಲಗೆಯ ಹೊರಗಿಟ್ಟರು. ಕನ್ನಡಕ ತೆಗೆದು ಒರೆಸಿಕೊಂಡು ನನ್ನನ್ನು ನೋಡಿದರು.

"ಏನು ಬರೀತೀರಿ?" ಎಂದು ಕೇಳಿದರು.

"ಪಾಸು, ಸಾಹೇಬ್ರೆ" ಎಂದೆ.